ಮುಕ್ತಾಯ ಆಗುವುದು, ಮುಕ್ತಾಯ ನುಡಿಸುವುದು

ಪ್ರಿಯ ಕಿರಿಯ ಮಿತ್ರರೇ,

ನಿಮ್ಮ ಕಛೇರಿ ವಿಮರ್ಶೆಯಲ್ಲಿ ‘ತನಿ ಆವರ್ತನದ ಮುಕ್ತಾಯ ಸೊಗಸಾಗಿತ್ತು’ ಎಂಬ ಸಾಲಿದೆ. ತನಿ ಎಂದರೆ ಕಛೇರಿಯಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ಭಾಗ. ತನಿ ಮುಗಿದ ರೀತಿ ಸೊಗಸೋ, ಮುಗಿಸಲು ನುಡಿಸಿದ ಸೊಲ್ಲುಕಟ್ಟು (ಪೆಟ್ಟುಗಳನ್ನು ಹೇಳುವ ಅಕ್ಷರಗಳ ಜೋಡಣೆ) ಸೊಗಸೋ, ಓದುಗರಿಗೆ ತಿಳಿಯುವುದಿಲ್ಲ. ಸಮಾರಂಭ ಮುಕ್ತಾಯ ‘ಆಗುತ್ತದೆ’. ಮೃದಂಗದವರು ಮುಕ್ತಾಯ ‘ನುಡಿಸುತ್ತಾರೆ’. ಕ್ರಿಯಾಪದ ಸರಿಯಾಗಿ ಬಿದ್ದರೆ ಅರ್ಧ ಗೊಂದಲ ಅಲ್ಲೇ ಹರಿಯುತ್ತದೆ.

ಲಯದವರ ಮುಕ್ತಾಯ ಸಾಮಾನ್ಯವಾಗಿ ಒಂದು ಸೊಲ್ಲನ್ನು ಮೂರು ಸಲ ನುಡಿಸಿ ಹಾಡಿನ ಎಡುಪಿಗೆ, ಎಂದರೆ ಹಾಡಿನ ಸಾಲು ತಾಳದಲ್ಲಿ ಶುರುವಾಗುವ ಜಾಗಕ್ಕೆ, ಬಂದು ಸೇರುವ ಲೆಕ್ಕ. ಕೈಯಲ್ಲಿ ಆದಿತಾಳ ಹಾಕಿಯೇ ನೋಡಿ. 8 ಎಣಿಕೆ, ಎಣಿಕೆಗೆ 4ರಂತೆ 32 ಮಾತ್ರೆ. ‘ತದಿಗಿಣತೊಂ’ 5 ಮಾತ್ರೆ, ಮೂರು ಸಲಕ್ಕೆ 15. ನಡುವೆ ಎರಡು ಕಡೆ ತಲಾ 2 ಮಾತ್ರೆ ಕಾರ್ವೆ (ಬಿಡುವು) ಬಿಟ್ಟರೆ 19. ಸಮಕ್ಕೆ (ತಾಳದ ಮೊದಲ ಎಣಿಕೆಗೆ) ಸೇರಬೇಕಾದರೆ 13 ಮಾತ್ರೆ ಕಳೆದ ಮೇಲೆ ಎತ್ತಿಕೊಳ್ಳಬೇಕು. ಅಂದರೆ ಪೆಟ್ಟು, ಕಿರುಬೆರಳು, ಉಂಗುರಬೆರಳು ದಾಟಿ, ನಡುಬೆರಳಿನ ಎರಡನೇ ಮಾತ್ರೆಯಲ್ಲಿ. ಕೃತಿಯ ಎಡುಪು ಅರ್ಧ ಎಣಿಕೆ ತಡವಾಗಿದ್ದರೆ ಇಡೀ ಲೆಕ್ಕ 2 ಮಾತ್ರೆ ಮುಂದೆ ಸರಿಯುತ್ತದೆ. ಅಂಥ ಕಡೆ ‘ಸಮಕ್ಕೆ ಬಂದರು’ ಎಂದು ಬರೆದರೆ ತಾಳ ಹಾಕಿಕೊಂಡು ಕೇಳಿದವರು ನಿಮ್ಮನ್ನು ನಂಬುವುದಿಲ್ಲ.

ಇದನ್ನೇ ಹಿಂದೂಸ್ತಾನಿ ಸಂಗೀತದ ಮಾತಿನಲ್ಲಿ ‘ತಿಹಾಯಿ’ ಎಂದು ಬರೆಯುವವರಿದ್ದಾರೆ. ಎರಡೂ ನೆಂಟರು, ಆದರೆ ನಿಲ್ಲುವ ಜಾಗ ಬೇರೆ. ತಬಲಾದ ತಿಹಾಯಿಯಲ್ಲಿ ಕೊನೆಯ ‘ಧಾ’ ಸಾಮಾನ್ಯವಾಗಿ ಸಮದ ಮೇಲೇ ಬೀಳುತ್ತದೆ. ತೀನ್‌ತಾಲದ 16 ಮಾತ್ರೆಯಲ್ಲಿ 5ರ ಸೊಲ್ಲು ಮೂರು ಸಲ, ನಡುವೆ 1ರ ಬಿಡುವು: 5, 1, 5, 1, 5 ಸೇರಿ 17. ಸಮದಲ್ಲಿ ಎತ್ತಿದರೆ ಹದಿನೇಳನೆಯದು ಮುಂದಿನ ಸಮ. ಮೇಲಿನ ಮುಕ್ತಾಯದಲ್ಲಾದರೋ ಐದೂ ಮಾತ್ರೆ ತುಂಬಿದ ಮೇಲೆ ಎಡುಪು. ಆದ್ದರಿಂದ ಮೃದಂಗಕ್ಕೆ ಮುಕ್ತಾಯ, ತಬಲಾಕ್ಕೆ ತಿಹಾಯಿ ಎಂದೇ ಇರಲಿ.

ವರ್ಣ ಎಂಬ ರಚನೆಯ ‘ಮುಕ್ತಾಯಿ ಸ್ವರ’ದಲ್ಲಿ ಇನ್ನೊಂದು ಎಡವುಗಲ್ಲಿದೆ. ಹೆಸರು ನೋಡಿ ಅದು ವರ್ಣದ ಕೊನೆ ಎಂದುಕೊಳ್ಳಬೇಡಿ. ಪಲ್ಲವಿ, ಅನುಪಲ್ಲವಿ ಆದ ಮೇಲೆ ಅದು ಬಂದು ಪೂರ್ವಾಂಗವನ್ನಷ್ಟೇ (ಮೊದಲ ಭಾಗವನ್ನಷ್ಟೇ) ಮುಗಿಸುತ್ತದೆ. ಚರಣ, ಅದರೊಡನೆ ಹಾಡುವ ಎತ್ತುಗಡೆ ಸ್ವರಗಳು ಇನ್ನೂ ಬಾಕಿ.

ಕಛೇರಿಯ ಕೊನೆಗೆ ನಮ್ಮಲ್ಲಿ ‘ಮಂಗಳ’ ಎಂಬ ಮಾತೇ ಇದೆ. ಆದರೆ ‘ಮಂಗಳ ಹಾಡಿದರು’ ಎಂಬುದು ಈಗ ಯಾವುದನ್ನು ನಿಲ್ಲಿಸಿದರೂ ಹೇಳುವ ಮಾತಾಗಿದೆ. ಸಂಗೀತದ ಬರಹದಲ್ಲಿ ನಿಜವಾಗಿ ಮಂಗಳ ಹಾಡಿದಾಗ ಮಾತ್ರ ಬಳಸಿ.

ನಿಮ್ಮ ಸಾಲನ್ನು, ನೀವು ಕೇಳಿದ್ದು ಹೀಗೇ ಇದ್ದರೆ, ಹೀಗೆ ತಿದ್ದಬಹುದು: ‘ಐದರ ಸೊಲ್ಲನ್ನು ಎರಡು ಮಾತ್ರೆ ಕಾರ್ವೆಯೊಡನೆ ಮೂರು ಸಲ ನುಡಿಸಿ, ಪಲ್ಲವಿಯ ಎಡುಪಿಗೆ ಸರಿಯಾಗಿ ತಂದು ಬಿಟ್ಟರು.’ ಲೆಕ್ಕ ಸಿಗದಿದ್ದರೆ ಅಂಕಿ ಹಾಕಬೇಡಿ. ‘ಮುಕ್ತಾಯ ನುಡಿಸಿ ಎಡುಪಿಗೆ ಸೇರಿದರು’ ಎಂದರೆ ಸಾಕು.

ನಿಮ್ಮ ಹಿತೈಷಿ