ವೂವ್ರೇ ಎಂದರೆ ಬರೀ ಸಿಹಿ ವೈನ್ ಅಲ್ಲ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಫ್ರಾನ್ಸಿನ ವೂವ್ರೇ ವೈನನ್ನು ‘ಊಟದ ಕೊನೆಗೆ ಸಿಹಿತಿಂಡಿಯ ಜೊತೆ ಕುಡಿಯುವ ಬಿಳಿ ವೈನ್’ ಎಂದು ಒಂದೇ ಮಾತಿನಲ್ಲಿ ಮುಗಿಸಿ, ನಮ್ಮ ಖಾರದ ಅಡುಗೆಗೆ ಅದು ಹೊಂದುವುದಿಲ್ಲವೆಂದೂ ಬರೆಯಲಾಗಿದೆ. ಹೋಟೆಲ್ ಅಡುಗೆಮನೆಗಳಲ್ಲಿ ಮೂವತ್ತು ವರ್ಷ ದುಡಿದು ಈಗ ಕಲಬುರಗಿಯಲ್ಲಿ ನೆಲೆಸಿರುವ ನನಗೆ ಇವೆರಡೂ ಸರಿಯೆನಿಸಲಿಲ್ಲ.

ವೂವ್ರೇ ದ್ರಾಕ್ಷಿಯ ಹೆಸರಲ್ಲ, ಊರಿನ ಹೆಸರು. ತೂರ್ ನಗರದ ಪೂರ್ವಕ್ಕೆ, ಲ್ವಾರ್ ನದಿಯ ಉತ್ತರ ದಂಡೆಯಲ್ಲಿರುವ ಆ ಊರಿನ ಸುತ್ತಮುತ್ತ ಬೆಳೆದ ಶೆನಿನ್ ಬ್ಲಾಂಕ್ ದ್ರಾಕ್ಷಿಯ ವೈನಿಗೆ ಆ ಹೆಸರಿನ ರಕ್ಷಣೆ ಸಿಕ್ಕಿದ್ದು 1936ರಲ್ಲಿ. ನಮ್ಮ ತೊಗರಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನ ಹಾಗೆ. ಈ ದ್ರಾಕ್ಷಿ ಎಷ್ಟು ಹಣ್ಣಾದರೂ ತನ್ನ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದಲೇ ತಂಪಿನ ವರ್ಷಗಳಲ್ಲಿ ಸಿಹಿಯಿಲ್ಲದ ‘ಸೆಕ್’, ಬಿಸಿಲು ಚೆನ್ನಾಗಿ ಬಿದ್ದಾಗ ಅರೆಸಿಹಿಯ ‘ದೆಮಿ-ಸೆಕ್’, ಹಣ್ಣು ಬಳ್ಳಿಯಲ್ಲೇ ಸುಕ್ಕುಗಟ್ಟಿ ಸಕ್ಕರೆ ಮಂದವಾದಾಗ ‘ಮ್ವೆಲ್ಯೂ’ ಎಂಬ ಸಿಹಿ ವೈನ್, ಹೀಗೆ ಒಂದೇ ಊರಿನಿಂದ ಬೇರೆ ಬೇರೆ ರುಚಿಗಳು ಬರುತ್ತವೆ. ನೊರೆಯೇಳುವ ಬಗೆಯೂ ಉಂಟು. ಬರಹಗಾರರು ಕುಡಿದದ್ದು ಬಹುಶಃ ಮೂರನೆಯದನ್ನು. ಅಲ್ಲಿನವರು ಸೆಕ್ ಜೊತೆ ಹೊಳೆಮೀನನ್ನು ಬೆಣ್ಣೆಯ ಹುಳಿಸಾರಿನಲ್ಲಿ ಬಡಿಸುತ್ತಾರೆ, ಸಾಂತ್-ಮೋರ್ ಎಂಬ ಆಡಿನ ಹಾಲಿನ ಚೀಸನ್ನೂ ತಿನ್ನುತ್ತಾರೆ. ಉರುಳೆಯಾಕಾರದ ಆ ಚೀಸಿನ ಮೈಗೆ ಬೂದಿ ಸವರಿ, ನಡುವೆ ಒಂದು ಹುಲ್ಲುಕಡ್ಡಿ ತೂರಿಸಿರುತ್ತಾರೆ.

ನಮ್ಮ ಅಡುಗೆಯ ವಿಷಯ. ಎಳ್ಳಮಾವಾಸ್ಯೆಗೆ ಭೂಮಿತಾಯಿಗೆ ಎಡೆಯಿಟ್ಟು ಚರಗ ಚೆಲ್ಲುವ ದಿನ ಹೊಲದಲ್ಲಿ ಸೀಸೆ ತೆಗೆಯುವುದು ನಮ್ಮಲ್ಲಿ ಆಗದ ಮಾತು. ಆದರೆ ಅದರ ಮರುದಿನ, ಉಳಿದ ಕಾಳು-ಸೊಪ್ಪಿನ ಭಜ್ಜಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ ಮುಂದಿಟ್ಟುಕೊಂಡು, ಅಳಿಯ ಬೆಂಗಳೂರಿನಿಂದ ತಂದಿದ್ದ ಒಂದು ಸೆಕ್, ಒಂದು ದೆಮಿ-ಸೆಕ್ ಸೀಸೆಗಳನ್ನು ತೆರೆದೆವು. ಹಿಂಡಿಯ ಮೇಲೆ ಸೆಕ್ ಗುಟುಕರಿಸಿದ ಕೂಡಲೇ ನಾಲಗೆ ಇಮ್ಮಡಿ ಉರಿಯಿತು, ಏಕೆಂದರೆ ಆಲ್ಕೋಹಾಲ್ ಮೆಣಸಿನಕಾಯಿಯ ಉರಿಯನ್ನು ಏರಿಸುತ್ತದೆ. ದೆಮಿ-ಸೆಕ್‌ನಲ್ಲಿ ಉಳಿದಿರುವ ಸಕ್ಕರೆ ಅದೇ ಖಾರವನ್ನು ತಣಿಸಿತು. ಬದನೆಕಾಯಿಯ ಎಣ್ಣೆ ಮತ್ತು ಶೇಂಗಾದ ಜಿಡ್ಡನ್ನು ಎರಡೂ ಚೆನ್ನಾಗಿಯೇ ಕತ್ತರಿಸಿದವು. ಆದರೆ ಹುಣಸೆ ಬಿದ್ದ ಭಜ್ಜಿಯ ಎದುರು ನಿಂತದ್ದು ಸೆಕ್. ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆಯಿದ್ದರೆ ವೈನು ನೀರಿನಂತೆ ಸಪ್ಪೆಯಾಗುತ್ತದೆ. ಹುಳಿ ಸೊಪ್ಪಿನ ಪುಂಡಿ ಪಲ್ಯಕ್ಕೂ ನಾನು ಸೆಕ್ ಅನ್ನೇ ಆರಿಸುತ್ತೇನೆ.

ಬರಹದಲ್ಲಿ ಇಲ್ಲದ ಇನ್ನೊಂದು ಸಂಗತಿ ಕಾಪಿಡುವ ಬಗೆ. ವೂವ್ರೇಯ ಬೆಳೆಗಾರರು ಸುಣ್ಣಕಲ್ಲಿನ ಗುಡ್ಡ ಕೊರೆದು ಮಾಡಿದ, ವರ್ಷವಿಡೀ ತಂಪಾಗಿರುವ ಗವಿಗಳಲ್ಲಿ ಸೀಸೆಗಳನ್ನು ಇಡುತ್ತಾರೆ. ನಮ್ಮ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ ಆದರೂ, ಆ ಹಾಸಿನ ಒಳಕೋಣೆ ಏಪ್ರಿಲ್‌ನಲ್ಲಿ ಗವಿಯಷ್ಟು ತಂಪಾಗುವುದಿಲ್ಲ. ಹೋದ ಬೇಸಿಗೆಯಲ್ಲಿ ಇಲ್ಲಿನ ಅಂಗಡಿಯೊಂದರಲ್ಲಿ ಪಶ್ಚಿಮದ ಬಿಸಿಲು ನೇರ ಬೀಳುವ ಗಾಜಿನ ಕಪಾಟಿನಿಂದ ತೆಗೆದುಕೊಟ್ಟ ಸೀಸೆಯನ್ನು ನಾನು ಮನೆಗೆ ತಂದಾಗ ಬಿರಡೆ ಅರ್ಧ ಬೆರಳಿನಷ್ಟು ಮೇಲೆದ್ದಿತ್ತು, ವೈನು ತೆಳು ಚಹಾದ ಬಣ್ಣಕ್ಕೆ ತಿರುಗಿ ಬೇಯಿಸಿದ ಸೇಬಿನ ವಾಸನೆ ಬಡಿಯುತ್ತಿತ್ತು. ಒಂದೊಂದು ಗುಟುಕು ನೋಡಿ ಉಳಿದದ್ದನ್ನು ಬಚ್ಚಲಿಗೆ ಸುರಿದೆವು.

– ನಿವೃತ್ತ ಬಾಣಸಿಗ, ಕಲಬುರಗಿ