ಜ್ವರ ಬರುವ ಮೊದಲೇ ನಿಮ್ಮ ಪಟ್ಟಿ ಸರಿ ಮಾಡಿ

ಇಂದ: ಪಾಲಿಸಿದಾರ, ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ
ಇವರಿಗೆ: ಕುಂದುಕೊರತೆ ಅಧಿಕಾರಿಗಳು, ಆರೋಗ್ಯ ವಿಮಾ ಕಂಪನಿ
ದಿನಾಂಕ: 15 ಜೂನ್ 2026

ವಿಷಯ: ಬಾಗಲಕೋಟೆಯ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರ ಕಟ್ಟುವ) ಆಸ್ಪತ್ರೆಗಳ ತಪ್ಪು ಪಟ್ಟಿ ಕುರಿತು ದೂರು

ಮಾನ್ಯರೇ,

ನಮ್ಮ ಮನೆಯ ನಾಲ್ವರ ಹೆಸರಲ್ಲಿ ನಿಮ್ಮಲ್ಲಿ 5 ಲಕ್ಷದ ಫ್ಯಾಮಿಲಿ ಫ್ಲೋಟರ್ ಪಾಲಿಸಿ, ಅಂದರೆ ಮನೆಯವರೆಲ್ಲ ಹಂಚಿಕೊಳ್ಳುವ ಒಂದೇ ಪಾಲಿಸಿ ಇದೆ. ಆರು ವರ್ಷವಾಯಿತು, ಒಂದು ಕಂತೂ ತಪ್ಪಿಸಿಲ್ಲ. ಕಳೆದ ತಿಂಗಳಷ್ಟೇ ನವೀಕರಣ ಮಾಡಿಸಿದ್ದೇನೆ. ಹೋದ ಸೆಪ್ಟೆಂಬರ್ 22ರಿಂದ 18 ಪ್ರತಿಶತ ಜಿಎಸ್‌ಟಿ ತೆಗೆದಿದ್ದರಿಂದ ಈ ಸಲ ನಾಲ್ಕು ಕಾಸು ಉಳಿದೀತು ಅಂದುಕೊಂಡಿದ್ದೆ. ನೀವು ಮೂಲ ಪ್ರೀಮಿಯಮ್ಮನ್ನೇ ಏರಿಸಿ ಲೆಕ್ಕ ಸಮ ಮಾಡಿದಿರಿ. ಇರಲಿ, ಈ ಪತ್ರದ ತಕರಾರು ಅದಲ್ಲ.

ಹೋದ ವರ್ಷ ಆಗಸ್ಟಿನಲ್ಲಿ ನಮ್ಮವ್ವನಿಗೆ ಜ್ವರ ಹತ್ತಿತು. ಅವರಿಗೆ 67 ವರ್ಷ, ಸಕ್ಕರೆ ಕಾಯಿಲೆಯ ಜೊತೆ ದಮ್ಮೂ ಇದೆ. ಮೂರನೇ ರಾತ್ರಿ ಉಸಿರಿಗೆ ಒದ್ದಾಡತೊಡಗಿದರು. ನಿಮ್ಮ ಆ್ಯಪ್ ತೆರೆದು, ಅದರಲ್ಲಿ ಕ್ಯಾಶ್‌ಲೆಸ್ ಎಂದು ಹಸಿರು ಗುರುತು ಹಾಕಿದ್ದ ನವನಗರದ ಆಸ್ಪತ್ರೆಗೇ ಕಾರು ಮಾಡಿಕೊಂಡು ಹೋದೆವು. ಕೌಂಟರಿನ ಹುಡುಗ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಈ ಕಂಪನೀದು ನಮ್ಮಲ್ಲಿ ನಡ್ಯಾಂಗಿಲ್ರಿ. ಟೈಅಪ್ ಬಿಟ್ಟು ನಾಕ್ ತಿಂಗಳಾತು. 30 ಸಾವಿರ ಅಡ್ವಾನ್ಸ್ ಕಟ್ರಿ" ಅಂದ. ಗಾಲಿ ಕುರ್ಚಿಯಲ್ಲಿ ಕುಳಿತಿದ್ದ ಅವ್ವ ಸೆರಗಿನ ಗಂಟು ಬಿಚ್ಚತೊಡಗಿದರು. ಅದರಲ್ಲಿದ್ದದ್ದು ಇನ್ನೂರೋ ಮುನ್ನೂರೋ.

ನಿಮ್ಮ ಹೆಲ್ಪ್‌ಲೈನಿಗೆ ಫೋನ್ ಹಚ್ಚಿದೆ. ಕನ್ನಡಕ್ಕೆ 4 ಒತ್ತಿ ಅಂತು. ಒತ್ತಿದೆ, ಲೈನ್ ಕಟ್ಟಾಯಿತು. ನನ್ನದು ಖಣದ ಅಂಗಡಿ. ಪಂಚಮಿ ವ್ಯಾಪಾರದ ದುಡ್ಡು ನೇಕಾರರಿಗೆ ಕೊಡಲೆಂದು ತೆಗೆದಿಟ್ಟಿದ್ದೆ. ಅದನ್ನೇ ತಮ್ಮನ ಕೈಲಿ ತರಿಸಿ ಕಟ್ಟಿದೆ. ಐದು ದಿನದ ಬಿಲ್ಲು 61,400. ಅದು ವಾಪಸ್ ಬರಲು 71 ದಿನ ಹಿಡಿಯಿತು, ಅದೂ ಗ್ಲೌಸು, ಮಾಸ್ಕು ಅಂತ ಕಡಿದು. ಅಷ್ಟು ದಿನ ನೇಕಾರರ ಮುಖ ನೋಡಿದವನು ನಾನು, ನೀವಲ್ಲ.

ಆಮೇಲೆ ತಿಳಿದದ್ದು: ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೊಡಿಸುವ ವ್ಯವಸ್ಥೆಯನ್ನು ವಿಮಾ ಕಂಪನಿಗಳ ಒಕ್ಕೂಟವಾದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ 2024ರ ಜನವರಿಯಲ್ಲೇ ತಂದಿದೆ. ತುರ್ತಾಗಿ ಸೇರಿಸಿದರೆ 48 ಗಂಟೆಯೊಳಗೆ ನಿಮಗೆ ತಿಳಿಸಬೇಕಂತೆ. ಮರುದಿನ ಲೈನ್ ಸಿಕ್ಕಾಗಲೂ ನಿಮ್ಮವರು ಈ ಮಾತು ಎತ್ತಲಿಲ್ಲ, ಕಟ್ಟಿದ ದುಡ್ಡು ವಾಪಸ್ ಕೇಳುವ ರಿಇಂಬರ್ಸ್‌ಮೆಂಟ್ ಫಾರ್ಮ್ ಕಳಿಸುತ್ತೇವೆ ಅಂದರು. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜಿಗೆ ಮೂರು ಗಂಟೆಯಲ್ಲಿ ನಿಮ್ಮ ಒಪ್ಪಿಗೆ ಬರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಯಮವಿದೆ. ಕೌಂಟರಿನವನು ಅರ್ಜಿಯನ್ನೇ ಮುಟ್ಟದಿದ್ದರೆ ಆ ಗಂಟೆ ಎಣಿಸುವುದು ಎಲ್ಲಿಂದ?

ಈಗ ಮತ್ತೆ ಮಳೆಗಾಲ. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆರಡು ಸಲ ಏರುತ್ತದೆ, ಜನವರಿಯಿಂದ ಮಾರ್ಚ್‌ವರೆಗೊಮ್ಮೆ, ಮಳೆ ಇಳಿಯುವ ಹೊತ್ತಿಗೆ ಇನ್ನೊಮ್ಮೆ. ಮಗಳ ಶಾಲೆ ಶುರುವಾಗಿದೆ, ನೆಗಡಿ ಮನೆಗೆ ಬರುವ ದಾರಿ ಅದೇ. ಅವ್ವನಿಗೆ ಈ ವರ್ಷದ ಫ್ಲೂ ಲಸಿಕೆ ಹಾಕಿಸಿದ್ದೇನೆ. ಅದರ ಖರ್ಚು ಹೊರರೋಗಿ ಖರ್ಚು, ಪಾಲಿಸಿಯಲ್ಲಿ ಬರುವುದಿಲ್ಲ ಅಂದಿರಿ, ಒಪ್ಪಿದೆ. ನನ್ನ ಪಾಲಿನ ತಯಾರಿ ಆಯಿತು.

ನಿಮ್ಮ ಪಾಲಿನದು ನೋಡೋಣ ಅಂತ ಮೊನ್ನೆ ಆ್ಯಪ್ ತೆರೆದೆ. ಅದೇ ಆಸ್ಪತ್ರೆ, ಅದೇ ಹಸಿರು ಗುರುತು! ಬಾಗಲಕೋಟೆಯದೆಂದು ತೋರಿಸಿದ್ದ ಆರಕ್ಕೂ ನಾನೇ ಫೋನ್ ಹಚ್ಚಿದೆ. ಹೂಂ ಅಂದವು ಎರಡೇ. ಅವುಗಳಲ್ಲಿ ಒಂದು ಕಣ್ಣಿನ ಆಸ್ಪತ್ರೆ. ದಮ್ಮು ಏರಿದವರನ್ನು ಅಲ್ಲಿಗೆ ಒಯ್ಯಲೇ?

ಆದ್ದರಿಂದ, ಬಾಗಲಕೋಟೆಯಲ್ಲಿ ಇವತ್ತಿನ ದಿನ ನಿಜವಾಗಿ ಕ್ಯಾಶ್‌ಲೆಸ್ ಕೊಡುವ ಆಸ್ಪತ್ರೆಗಳ ಹೆಸರನ್ನು ಸಹಿ, ಮೊಹರು ಹಾಕಿ ನನಗೆ ಬರೆದು ಕಳಿಸಿ. ಟೈಅಪ್ ಬಿಟ್ಟವನ್ನು ಆ್ಯಪಿನಿಂದ ತೆಗೆಯಿರಿ. ಪಟ್ಟಿಯ ಹೊರಗಿನ ಆಸ್ಪತ್ರೆಗೆ ಸೇರಿಸುವ ಪ್ರಸಂಗ ಬಂದರೆ ರಾತ್ರಿ ಯಾವ ನಂಬರಿಗೆ ತಿಳಿಸಬೇಕು, ಯಾವ ಕಾಗದ ಬೇಕು ಎಂಬುದನ್ನೂ ಕನ್ನಡದಲ್ಲೇ ಬರೆಯಿರಿ. ಆ ಹಾಳೆಯನ್ನು ಅವ್ವನ ಔಷಧದ ಡಬ್ಬಿಯಲ್ಲಿ ಇಡುತ್ತೇನೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ವಿಮೆಯ ದೂರು ಬಗೆಹರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯುತ್ತೇನೆ. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.

ಮಧ್ಯಾಹ್ನ ಎರಡರ ಮೇಲೆ ಅಂಗಡಿಯಲ್ಲಿ ಸಿಗುತ್ತೇನೆ. ಫೋನ್ ಮಾಡುವವರು ಕನ್ನಡ ಬಲ್ಲವರಾಗಿರಲಿ.

ಇಂತಿ,
ನಿಮ್ಮ ಪಾಲಿಸಿದಾರ

ಲಗತ್ತು: ಆಸ್ಪತ್ರೆಯ ಬಿಲ್ಲು, ಅಡ್ವಾನ್ಸ್ ರಸೀದಿ, ಆ್ಯಪಿನ ಪಟ್ಟಿಯ ಚಿತ್ರ