ವಿಶ್ವಾಸಕ್ಕೆ ಪವಾಡದ ಪುರಾವೆ ಬೇಕಿಲ್ಲ

ಮಾನ್ಯ ಸಂಪಾದಕರೇ,

ಪವಾಡ ಕಂಡರಷ್ಟೇ ದೇವರು ಎಂಬ ಧೋರಣೆ ಮುಂಬೈಯ ನಮ್ಮ ಕ್ರೈಸ್ತ ಬಂಧುಗಳಲ್ಲಿ ಬೆಳೆಯುತ್ತಿರುವುದು ಕಳವಳಕಾರಿ. 2012ರಲ್ಲಿ ವಿಲೇಪಾರ್ಲೆಯ ಇರ್ಲಾದಲ್ಲಿ ಶಿಲುಬೆಯ ಮೇಲಿನ ಯೇಸುವಿನ ಪ್ರತಿಮೆಯ ಪಾದದಿಂದ ನೀರು ತೊಟ್ಟಿಕ್ಕಿದಾಗ ಜನ ಅದನ್ನು ತೀರ್ಥವೆಂದು ಸಂಗ್ರಹಿಸಿದರು. ಚರಂಡಿಯ ನೀರು ಗೋಡೆಯಲ್ಲಿ ಮೇಲೇರಿ ಜಿನುಗುತ್ತಿದೆ ಎಂದ ವಿಚಾರವಾದಿ ಸನಲ್ ಎಡಮರುಕು ಅವರ ವಿರುದ್ಧ ಪೊಲೀಸರಿಗೆ ದೂರು ಹೋಯಿತು. ಅವರು ಫಿನ್ಲೆಂಡಿಗೆ ತೆರಳಿದರು. ವಿಶ್ವಾಸಿಯಾದ ನನಗೆ ಇದು ಇಂದಿಗೂ ನೋವಿನ ಸಂಗತಿ. ಸೋರಿಕೆ ಪತ್ತೆಯಾದರೆ ಯೇಸುವಿಗೇನು ಕುಂದು?

ಶಿಲುಬೆಯ ಗಾಯ ಮುಟ್ಟದೆ ಯೇಸು ಮರಳಿ ಎದ್ದುದನ್ನು ನಂಬೆನೆಂದ ಶಿಷ್ಯ ತೋಮನಿಗೆ, ಕಾಣದೆ ನಂಬುವವರೇ ಧನ್ಯರೆಂದು ಹೇಳಿದವರು ಯೇಸುವೇ. ಪರೇಲಿನ ಟಾಟಾ ಆಸ್ಪತ್ರೆಯ ಹೊರಗೆ ಫುಟ್‌ಪಾತಿನಲ್ಲಿ ಚಾದರ ಹಾಸಿ, ಮಗನಿಗೆ ಗಂಜಿ ಕುಡಿಸಿ, ಬಳಿಕ ಜಪಸರ ಹಿಡಿದು ಕೂತ ಕಲಬುರಗಿ ಕಡೆಯ ತಾಯಿಯನ್ನು ಕಂಡಿದ್ದೇನೆ. ಆಕೆ ಔಷಧಿಯನ್ನೂ ಬಿಟ್ಟಿರಲಿಲ್ಲ, ಪ್ರಾರ್ಥನೆಯನ್ನೂ ಬಿಟ್ಟಿರಲಿಲ್ಲ. ಪವಾಡವನ್ನೇ ನೆಚ್ಚಿದವರಾದರೋ ಕಾಯಿಲೆ ವಾಸಿಯಾಗದಿದ್ದಾಗ ತಮ್ಮ ವಿಶ್ವಾಸವೇ ಸಾಲದೆಂದು ಕೊರಗುತ್ತಾರೆ.

ಪವಾಡವೆನಿಸುವ ಇಂಥ ಘಟನೆಗಳನ್ನು ಸಾಮಾನ್ಯವಾಗಿ ಅಲೌಕಿಕವೆಂದು ಘೋಷಿಸಬಾರದೆಂದು ವ್ಯಾಟಿಕನ್ 2024ರ ಮೇ ತಿಂಗಳಲ್ಲೇ ನಿಯಮ ಮಾಡಿದೆ. ನಗರದ ಚರ್ಚುಗಳು ಭಾನುವಾರದ ಪ್ರವಚನದಲ್ಲಿ ಇದನ್ನು ಕನ್ನಡದಲ್ಲೂ ತಿಳಿಸಲಿ. ಎಲ್ಲಾದರೂ ನೀರು ಜಿನುಗಿದರೆ ಭಕ್ತರನ್ನು ಸೇರಿಸುವ ಮೊದಲು ಎಂಜಿನಿಯರನ್ನು ಕರೆಸಲಿ.

– ಓದುಗ, ಅಂಧೇರಿ, ಮುಂಬೈ